ಆರೂವರೆಯ ಗೆರೆ ಕಣ್ಣಿಂದ ಬಂತು

ಎಚ್‌ಬಿಎ1ಸಿ, ಚಿಕ್ಕದಾಗಿ ಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ, ಶೇ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಈ ಮಾತು ಈಗ ಮದುವೆ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. "ನಂದಿನ್ನೂ ಆರು ಪಾಯಿಂಟ್ ಎರಡು, ಒಂದು ಹೋಳಿಗೆ ಹಾಕಿ ಪರವಾಗಿಲ್ಲ" ಅನ್ನುವವರನ್ನು ನೀವೂ ನೋಡಿರುತ್ತೀರಿ. ಆದರೆ ಗೆರೆ ಆರೂವರೆಗೇ ಯಾಕೆ? ಆರಕ್ಕೆ ಎಳೆಯಬಹುದಿತ್ತು, ಏಳಕ್ಕೂ ಎಳೆಯಬಹುದಿತ್ತು.

ಗೆರೆ ಎಳೆದವರು ಜನರ ಕಣ್ಣೊಳಗೆ ನೋಡಿ ಎಳೆದರು. ಬೇರೆ ಬೇರೆ ಮಟ್ಟದ ಶುಗರ್ ಇರುವ ಸಾವಿರಾರು ಜನರ ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆ, ಪರೀಕ್ಷೆ ಮಾಡಿದರು. ಶುಗರ್ ಒಂದು ಮಟ್ಟದವರೆಗೆ ಇದ್ದವರಲ್ಲಿ ರೆಟಿನಾದ ತೊಂದರೆ ಅಪರೂಪ. ಅಲ್ಲಿಂದ ಮೇಲೆ ಹೋದಂತೆ ತೊಂದರೆ ಇರುವವರ ಸಂಖ್ಯೆ ದಿಢೀರನೆ ಏರುತ್ತದೆ. ಅಮೆರಿಕದ ಅರಿಜೋನಾದಲ್ಲಿರುವ ಪೀಮಾ ಬುಡಕಟ್ಟಿನವರಲ್ಲಿ, ಈಜಿಪ್ಟಿನವರಲ್ಲಿ, ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೀಗೇ ಕಂಡಿತು. 1997ರಲ್ಲಿ ಖಾಲಿ ಹೊಟ್ಟೆ ಶುಗರ್‌ನ ಗೆರೆ 140ರಿಂದ 126ಕ್ಕೆ ಇಳಿದಾಗ ಈ ಕಣ್ಣಿನ ಲೆಕ್ಕವೇ ಮುಖ್ಯ ಆಧಾರಗಳಲ್ಲಿ ಒಂದಾಗಿತ್ತು. 2009ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಎ1ಸಿಗೆ 6.5 ಅಂತ ಹೇಳಿದ್ದೂ ಇದೇ ದಾರಿಯಲ್ಲಿ. ಮರುವರ್ಷ ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿಕೊಂಡವು.

ಅಂದರೆ ನಾವು ರಕ್ತದಲ್ಲಿ ಅಳೆಯುವ ಸಂಖ್ಯೆಗೆ ಬೆಲೆ ಬಂದದ್ದು ಕಣ್ಣಿನ ಸಾಕ್ಷಿಯಿಂದ. ಆದರೆ ಇವತ್ತು ಜನ ಆ ಸಂಖ್ಯೆ ನೋಡಿಕೊಂಡು ಕಣ್ಣು ತೋರಿಸುವುದನ್ನೇ ಬಿಟ್ಟಿದ್ದಾರೆ. ಇದು ನನಗೆ ದಿನಾ ಕಾಣುತ್ತದೆ. ಮಲೆನಾಡಿನ ಅಂಚಿನ ಒಂದು ಊರಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕದ ಲ್ಯಾಬ್‌ನಲ್ಲಿ ರಕ್ತ ತೆಗೆಯುವುದು, ಮಿಷನ್‌ಗೆ ಹಾಕುವುದು, ರಿಪೋರ್ಟ್ ಪ್ರಿಂಟ್ ಮಾಡುವುದು ನನ್ನ ಕೆಲಸ.

ಎ1ಸಿ ರಕ್ತ ಹೋಗುವುದು ನೇರಳೆ ಮುಚ್ಚಳದ ಟ್ಯೂಬ್‌ಗೆ. ಅದನ್ನು ಕುಲುಕಬಾರದು. ಒಳಗಿನ ಔಷಧಿ ಸರಿಯಾಗಿ ಬೆರೆಯುವ ಹಾಗೆ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು. ಆಮೇಲೆ ಮಿಷನ್ ಹಿಮೋಗ್ಲೋಬಿನ್ನನ್ನು ಬಗೆಬಗೆಯಾಗಿ ಬೇರ್ಪಡಿಸಿ ಒಂದು ಗ್ರಾಫ್ ಬರೆಯುತ್ತದೆ. ಮೊದಲು ಎ1ಎ, ಎ1ಬಿ ಅಂತ ಪುಟ್ಟ ಪುಟ್ಟ ಗುಡ್ಡ, ಆಮೇಲೆ ಎ1ಸಿಯ ಗುಡ್ಡ, ಕೊನೆಯಲ್ಲಿ ಹಾಳೆಯ ತಲೆ ಮುಟ್ಟುವ ಎ0. ಕೆಲವು ಲ್ಯಾಬ್‌ಗಳು ಈ ಗ್ರಾಫನ್ನೂ ರಿಪೋರ್ಟ್ ಜೊತೆ ಕೊಡುತ್ತವೆ. ಯಾರೂ ನೋಡುವುದಿಲ್ಲ. ದಪ್ಪ ಅಕ್ಷರದ ನಂಬರ್ ನೋಡಿ ಹಾಳೆ ಮಡಚಿ ಜೇಬಿಗಿಡುತ್ತಾರೆ.

ಸಕ್ಕರೆ ಕಾಯಿಲೆ ಇರುವವರ ಹಿಮೋಗ್ಲೋಬಿನ್ ಬೇರೆ ಥರ ಇದೆ ಅಂತ ಮೊದಲು ಗಮನಿಸಿದವರಲ್ಲಿ ಸ್ಯಾಮ್ಯುಯೆಲ್ ರಹಬರ್ ಅವರ ಹೆಸರು ದೊಡ್ಡದು. ಟೆಹರಾನ್‌ನಲ್ಲಿ ಅವರು ಅಸಹಜ ಹಿಮೋಗ್ಲೋಬಿನ್‌ಗಳನ್ನು ಹುಡುಕುತ್ತಿದ್ದರು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಒಂದು ವಿಚಿತ್ರ ಪಟ್ಟಿ ಮತ್ತೆ ಮತ್ತೆ ಕಾಣಿಸಿತು. ಅದನ್ನು 1968ರಲ್ಲಿ ಪ್ರಕಟಿಸಿದರು. ರಕ್ತದಲ್ಲಿ ಓಡಾಡುವ ಗ್ಲೂಕೋಸ್ ಹಿಮೋಗ್ಲೋಬಿನ್‌ಗೆ ತಾನಾಗಿಯೇ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆ ಕಣ ಸಾಯುವವರೆಗೂ ಅಂಟಿದ್ದು ಅಂಟಿದ್ದೇ. ಅದಕ್ಕೇ ಇದಕ್ಕೆ ನಮ್ಮ ಕಡೆ "ಮೂರು ತಿಂಗಳ ಶುಗರ್" ಅನ್ನುವುದು. ಅದರಲ್ಲೂ ಕೊನೆಯ ಒಂದು ತಿಂಗಳಿನ ಪಾಲೇ ಸುಮಾರು ಅರ್ಧ. ಪರೀಕ್ಷೆಗೆ ಎರಡು ದಿನ ಮುಂಚೆ ಅನ್ನ ಬಿಟ್ಟರೆ ಎ1ಸಿ ಮೋಸ ಹೋಗುವುದಿಲ್ಲ. ಒಂದು ತಿಂಗಳು ಬಿಟ್ಟರೆ ಸ್ವಲ್ಪ ಹೋಗುತ್ತದೆ!

ಸಕ್ಕರೆ ಕಣ್ಣಿಗೆ ಹೇಗೆ ಏಟು ಕೊಡುತ್ತದೆ ಅಂತಲೂ ಹೇಳಿಬಿಡುತ್ತೇನೆ. ರೆಟಿನಾದ ರಕ್ತನಾಳಗಳು ಕೂದಲಿಗಿಂತ ಸಣ್ಣವು. ಅವುಗಳ ಗೋಡೆಗೆ ಆನಿಕೊಂಡು ಕಾಯುವ ಪೆರಿಸೈಟ್ ಅನ್ನುವ ಕೋಶಗಳಿವೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಈ ಕೋಶಗಳು ಸಾಯುತ್ತವೆ. ಆಗ ಹಳೇ ರಬ್ಬರ್ ಪೈಪು ಸವೆದ ಜಾಗದಲ್ಲಿ ಉಬ್ಬುವಂತೆ ನಾಳ ಅಲ್ಲಲ್ಲಿ ಉಬ್ಬುತ್ತದೆ. ಡಾಕ್ಟರಿಗೆ ಮೊದಲು ಕಾಣುವ ಕೆಂಪು ಚುಕ್ಕೆಗಳು ಇವೇ. ಮುಂದೆ ನಾಳ ಸೋರುತ್ತದೆ, ಕೆಲವು ಮುಚ್ಚಿಹೋಗುತ್ತವೆ. ರಕ್ತ ಸಿಗದ ಜಾಗ ಹೊಸ ನಾಳ ಬೆಳೆಸಿ ಅಂತ ಸಂದೇಶ ಕಳಿಸುತ್ತದೆ. ಹೊಸದಾಗಿ ಬೆಳೆಯುವ ನಾಳಗಳು ಬಲಹೀನ. ಒಂದು ದಿನ ಒಡೆದು ಕಣ್ಣಿನೊಳಗೆ ರಕ್ತ ಚೆಲ್ಲುತ್ತವೆ. ಕೊನೆಯ ಹಂತದವರೆಗೂ ನೋವಿಲ್ಲ, ಎಷ್ಟೋ ಸಲ ಮಂಜೂ ಇಲ್ಲ.

ಶುಗರ್ ಇಳಿಸಿದರೆ ಕಣ್ಣು ಉಳಿಯುತ್ತದೆಯೇ ಅನ್ನುವುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾದಲ್ಲಿ 1983ರಲ್ಲಿ ಶುರುವಾದ ಡಿಸಿಸಿಟಿ ಅನ್ನುವ ಅಧ್ಯಯನ. ಟೈಪ್ 1, ಅಂದರೆ ದೇಹ ಇನ್ಸುಲಿನ್ ತಯಾರಿಸದ ಬಗೆಯ ಸಕ್ಕರೆ ಕಾಯಿಲೆ, ಇರುವ 1,441 ಜನ. ಒಂದು ಗುಂಪಿನ ಎ1ಸಿ ಏಳರ ಆಸುಪಾಸು, ಇನ್ನೊಂದರದು ಒಂಬತ್ತರ ಆಸುಪಾಸು. ಶುರುವಿನಲ್ಲಿ ಕಣ್ಣು ಚೆನ್ನಾಗಿದ್ದವರಲ್ಲಿ, ಬಿಗಿಯಾಗಿ ಶುಗರ್ ಹಿಡಿದ ಗುಂಪಿಗೆ ರೆಟಿನೋಪತಿ, ಅಂದರೆ ಶುಗರ್‌ನಿಂದ ರೆಟಿನಾ ಹಾಳಾಗುವ ಈ ಕಾಯಿಲೆ, ಬರುವ ಸಾಧ್ಯತೆ ಶೇ. 76ರಷ್ಟು ಕಡಿಮೆಯಾಯಿತು. ಹೆಚ್ಚಿನವರಿಗೆ ಬರುವ ಟೈಪ್ 2 ಇರುವವರಿಗೆ ಇದೇ ರೀತಿಯ ಉತ್ತರವನ್ನು 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅನ್ನುವ ಅಧ್ಯಯನ ಕೊಟ್ಟಿತು. ಹಾಗಾಗಿ ಎ1ಸಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ರಕ್ತದಲ್ಲಿ ಕಣ್ಣಿನ ಬಗ್ಗೆ ಹೇಳುವ ಸಂಖ್ಯೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇವತ್ತಿಗೂ ಬಂದಿಲ್ಲ.

ಆದರೆ ಅದೇ ಡಿಸಿಸಿಟಿಯ ಲೆಕ್ಕವನ್ನು 2008ರಲ್ಲಿ ಮತ್ತೆ ಕೂಡಿ ಕಳೆದು ನೋಡಿದರು. ಯಾರಿಗೆ ರೆಟಿನೋಪತಿ ಬಂತು, ಯಾರಿಗೆ ಬರಲಿಲ್ಲ ಅನ್ನುವ ವ್ಯತ್ಯಾಸದಲ್ಲಿ ಎ1ಸಿ ಮತ್ತು ಕಾಯಿಲೆಯ ಅವಧಿ ಎರಡೂ ಸೇರಿ ವಿವರಿಸಿದ್ದು ಸುಮಾರು ಶೇ. 11 ಮಾತ್ರ. ಉಳಿದದ್ದು ಬೇರೆ ಕಾರಣಗಳು. ಈ ಸಂಖ್ಯೆ ಮೊದಲ ಸಲ ಓದಿದಾಗ ನಾನು ಇದು ಮುದ್ರಣದ ತಪ್ಪು ಅಂದುಕೊಂಡಿದ್ದೆ. ಯೋಚಿಸಿದರೆ ವಿಚಿತ್ರವೇನಲ್ಲ. ಸಾವಿರ ಜನರ ಶುಗರ್ ಇಳಿಸಿದರೆ ನೂರಾರು ಕಣ್ಣು ಉಳಿಯುವುದು ನಿಜ. ಆ ಸಾವಿರದಲ್ಲಿ ನಿಮ್ಮ ಕಣ್ಣು ಯಾವ ಕಡೆಗಿದೆ ಅಂತ ಹೇಳುವುದು ಬೇರೆಯೇ ಕೆಲಸ.

ಬಾಸ್ಟನ್‌ನ ಜೋಸ್ಲಿನ್ ಡಯಾಬಿಟಿಸ್ ಸೆಂಟರ್ 50 ವರ್ಷ ಟೈಪ್ 1 ಜೊತೆ ಬದುಕಿದವರಿಗೆ ಪದಕ ಕೊಡುತ್ತದೆ. ಅಂಥವರನ್ನು ಕರೆದು ಕಣ್ಣು ನೋಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಹೊಸ ನಾಳ ಬೆಳೆಯುವ ಆ ಮುಂದುವರಿದ ಹಂತ ಬಂದೇ ಇರಲಿಲ್ಲ. ಅವರ ಎ1ಸಿಗೂ ಅದಕ್ಕೂ ನಂಟು ಸಿಗಲಿಲ್ಲ. ಅವರ ಕಣ್ಣಲ್ಲಿ ಕಾಪಾಡುವ ಅಂಶ ಏನಿರಬಹುದು ಅಂತ ಹುಡುಕುತ್ತಾ ಹೋದವರಿಗೆ ಆರ್‌ಬಿಪಿ3 ಅನ್ನುವ ಪ್ರೋಟೀನ್ ಸಿಕ್ಕಿತು. ಅದನ್ನು ತಯಾರಿಸುವುದು ರೆಟಿನಾದ ಬೆಳಕು ಹಿಡಿಯುವ ಕೋಶಗಳೇ.

ರಕ್ತ ಪರೀಕ್ಷೆಯಲ್ಲಿ ಕಣ್ಣನ್ನು ಹಿಡಿಯುವುದು ಯಾಕಿಷ್ಟು ಕಷ್ಟ ಅನ್ನುವುದಕ್ಕೆ ಇಲ್ಲೇ ಸುಳಿವಿದೆ. ವಿಇಜಿಎಫ್ ಅಂತ ಒಂದು ಪ್ರೋಟೀನ್ ಇದೆ. ರಕ್ತ ಸಿಗದ ರೆಟಿನಾ ಕಳಿಸುವ ಸಂದೇಶ ಅಂದೆನಲ್ಲ, ಅದು ಇದೇ. 1994ರಲ್ಲಿ ಬಾಸ್ಟನ್ನಿನ ಸಂಶೋಧಕರು ಕಣ್ಣಿನೊಳಗಿನ ದ್ರವದಲ್ಲೇ ಇದನ್ನು ಅಳೆದು ತೋರಿಸಿದರು. ಹೊಸ ನಾಳ ಬೆಳೆಯುತ್ತಿದ್ದ ಕಣ್ಣುಗಳಲ್ಲಿ ಅದು ಜಾಸ್ತಿ ಇತ್ತು. ಇವತ್ತು ಕಣ್ಣಿಗೆ ಕೊಡುವ ಇಂಜೆಕ್ಷನ್‌ಗಳು ಅದನ್ನೇ ತಡೆಯುತ್ತವೆ. ಆದರೆ ತೋಳಿನ ರಕ್ತದಲ್ಲಿ ವಿಇಜಿಎಫ್ ಅಳೆದರೆ ಕಣ್ಣಿನ ಕತೆ ಅಷ್ಟು ನಿಚ್ಚಳವಾಗಿ ಸಿಗುವುದಿಲ್ಲ. ರೆಟಿನಾ ಒಂದು ಚೂರು ಜಾಗ. ಅದಕ್ಕೂ ರಕ್ತಕ್ಕೂ ನಡುವೆ ಒಂದು ತಡೆಗೋಡೆ ಬೇರೆ. ಅಲ್ಲಿಂದ ಸೋರಿ ಬಂದದ್ದು ಐದು ಲೀಟರ್ ರಕ್ತದಲ್ಲಿ ಕಳೆದುಹೋಗುತ್ತದೆ. ಮಂಡಿನೋವು, ಹಲ್ಲಿನ ವಸಡು, ಬೊಜ್ಜು ಯಾವುದರಿಂದ ಬೇಕಾದರೂ ಏರುವ ಸಿಆರ್‌ಪಿ, ಐಎಲ್-6 ಥರದ ಉರಿಯೂತದ ಗುರುತುಗಳದ್ದೂ ಇದೇ ಪಾಡು. ರಕ್ತದಲ್ಲಿ ಅಳೆಯುವ ಹೋಮೋಸಿಸ್ಟೀನ್ ಅನ್ನುವ ಅಮೈನೋ ಆಮ್ಲದ ಬಗ್ಗೆಯೂ ರಾಶಿ ಸಂಶೋಧನಾ ಪೇಪರ್‌ಗಳಿವೆ. ರೆಟಿನೋಪತಿ ಇರುವವರ ಗುಂಪಿನ ಸರಾಸರಿ ಜಾಸ್ತಿ, ಇಲ್ಲದವರ ಗುಂಪಿನದು ಕಡಿಮೆ. ಆದರೆ ಎರಡು ಗುಂಪಿನ ಸಂಖ್ಯೆಗಳೂ ಒಂದರೊಳಗೊಂದು ಬೆರೆತಿರುತ್ತವೆ. ಒಬ್ಬರ ರಿಪೋರ್ಟ್ ಕೈಯಲ್ಲಿ ಹಿಡಿದು ಇವರು ಆ ಗುಂಪು ಅಂತ ಹೇಳಲಾಗದು.

ಮಾಮೂಲಿ ರಿಪೋರ್ಟ್‌ನಲ್ಲಿ ಇರುವ, ಆದರೆ ಕಣ್ಣಿನ ಜೊತೆ ಯಾರೂ ಸೇರಿಸಿ ಓದದ ಸಂಖ್ಯೆಗಳ ಬಗ್ಗೆ ನನಗೆ ಹೆಚ್ಚು ಆಸಕ್ತಿ. ಮೊದಲನೆಯದು ಹಿಮೋಗ್ಲೋಬಿನ್. ಅಮೆರಿಕದ ಇಟಿಡಿಆರ್‌ಎಸ್ ಅನ್ನುವ ದೊಡ್ಡ ಕಣ್ಣಿನ ಅಧ್ಯಯನದಲ್ಲಿ, ರೆಟಿನೋಪತಿ ಅಪಾಯದ ಹಂತಕ್ಕೆ ಹೋಗುವುದರ ಜೊತೆ ನಂಟಿದ್ದ ಅಂಶಗಳಲ್ಲಿ ರಕ್ತಹೀನತೆಯೂ ಒಂದು. ಜಾಸ್ತಿ ಟ್ರೈಗ್ಲಿಸರೈಡ್ ಅನ್ನುವ ಜಿಡ್ಡು, ಕಡಿಮೆ ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಕೂಡ ಆ ಪಟ್ಟಿಯಲ್ಲಿದ್ದವು. ನಮ್ಮ ದೇಶದಲ್ಲಿ ರಕ್ತಹೀನತೆ ಎಷ್ಟು ಅಂತ ಗೊತ್ತಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57. ಇದರಲ್ಲಿ ಇನ್ನೊಂದು ತೊಡಕಿದೆ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತ ಕಡಿಮೆಯಾದರೆ ಎ1ಸಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ರಕ್ತಕಣ ಬೇಗ ಒಡೆಯುವ ಕಾಯಿಲೆ ಇದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಕಡಿಮೆ ತೋರಿಸಬಹುದು. ಕಾಫಿ ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದವರ ರಕ್ತ ಹಾಕಿದಾಗ ಕೆಲವೊಮ್ಮೆ ಗ್ರಾಫೇ ಬೇರೆ ಥರ ಬರುತ್ತದೆ. ಆ ಕಡೆ ಹಿಮೋಗ್ಲೋಬಿನ್ ಇ ಅನ್ನುವ ಬಗೆ ಸಾಮಾನ್ಯ. ಅಂಥ ರಿಪೋರ್ಟ್ ಮೇಲೆ ಡಾಕ್ಟರ್ ಗಮನಕ್ಕೆ ಅಂತ ಬರೆದು ಕಳಿಸುತ್ತೇವೆ. ಅಂಥವರಿಗೆ ಖಾಲಿ ಹೊಟ್ಟೆ, ಊಟ ಆದ ಮೇಲಿನ ಶುಗರ್ ನೋಡುವುದೇ ವಾಸಿ.

ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ವಿಷಯ ಬೇಗ ಮುಗಿಸುತ್ತೇನೆ. ಕಿಡ್ನಿಯಲ್ಲೂ ಕಣ್ಣಲ್ಲೂ ಹಾಳಾಗುವುದು ಸಣ್ಣ ನಾಳಗಳೇ. ಮೂತ್ರದಲ್ಲಿ ಆಲ್ಬುಮಿನ್ ಬಂದಿದೆ, ಕ್ರಿಯಾಟಿನಿನ್ ಏರಿದೆ ಅಂದರೆ ಕಣ್ಣು ನೋಡಿಸುವುದನ್ನು ಮುಂದೂಡಬಾರದು.

ಕೊಲೆಸ್ಟ್ರಾಲ್ ಕತೆ ಮಾತ್ರ ಸ್ವಾರಸ್ಯದ್ದು. ಅದೇ ಇಟಿಡಿಆರ್‌ಎಸ್‌ನಲ್ಲಿ ಕೊಲೆಸ್ಟ್ರಾಲ್ 240 ದಾಟಿದವರ ರೆಟಿನಾದಲ್ಲಿ ಗಟ್ಟಿಯಾದ ಹಳದಿ ಜಿಡ್ಡಿನ ಚುಕ್ಕೆಗಳು, 200ರ ಒಳಗಿದ್ದವರಿಗಿಂತ ಸುಮಾರು ಎರಡು ಪಟ್ಟು ಕಂಡವು. ಹಾಗಾದರೆ ಜಿಡ್ಡು ಇಳಿಸುವ ಮಾತ್ರೆ ಕೊಟ್ಟರೆ ಕಣ್ಣಿಗೂ ಒಳ್ಳೆಯದಾಗಬೇಕು ತಾನೇ? ಟ್ರೈಗ್ಲಿಸರೈಡ್ ಇಳಿಸಲು ಕೊಡುವ ಫೆನೋಫೈಬ್ರೇಟ್ ಅನ್ನುವ ಹಳೇ ಮಾತ್ರೆ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿನ್ಲೆಂಡ್‌ನ 9,795 ಜನರ ಮೇಲೆ ಅದನ್ನು ಹೃದಯಕ್ಕೆ ಅಂತ ಪರೀಕ್ಷಿಸಿದರು. ಹೃದಯಕ್ಕೆ ಅಂದುಕೊಂಡಷ್ಟು ಲಾಭ ಕಾಣಲಿಲ್ಲ. ಕಣ್ಣಿಗೆ ಲೇಸರ್ ಬೇಕಾದವರ ಸಂಖ್ಯೆ ಮಾತ್ರ ಸುಮಾರು ಶೇ. 30ರಷ್ಟು ಇಳಿಯಿತು! ತಮಾಷೆ ಅಂದರೆ ಜಿಡ್ಡು ಎಷ್ಟು ಇಳಿಯಿತು ಅನ್ನುವುದಕ್ಕೂ ಕಣ್ಣಿಗೆ ಆದ ಲಾಭಕ್ಕೂ ತಾಳೆ ಆಗಲಿಲ್ಲ. ಮಾತ್ರೆ ಬೇರೆ ಯಾವುದೋ ದಾರಿಯಲ್ಲಿ ಕೆಲಸ ಮಾಡಿರಬೇಕು. 2010ರಲ್ಲಿ ಅಮೆರಿಕದ ಅಕಾರ್ಡ್ ಅಧ್ಯಯನದಲ್ಲಿ, 2024ರಲ್ಲಿ ಸ್ಕಾಟ್ಲೆಂಡಿನ ಲೆನ್ಸ್ ಅಧ್ಯಯನದಲ್ಲೂ ರೆಟಿನೋಪತಿ ಮುಂದುವರಿಯುವುದು ಕಡಿಮೆಯಾಗಿದ್ದು ಕಂಡಿತು. ರಿಪೋರ್ಟ್‌ನಲ್ಲಿ ಒಂದು ಸಂಖ್ಯೆ ಕಾಯಿಲೆಯ ಜೊತೆಗೇ ಓಡಾಡುತ್ತದೆ ಅಂದ ಮಾತ್ರಕ್ಕೆ ಕಾಯಿಲೆ ತಂದದ್ದು ಅದೇ ಅಂತ ಹೇಳಲಾಗುವುದಿಲ್ಲ. ಹಾಗಂತ ಈ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡಿ. ಕಿಡ್ನಿ ಪರೀಕ್ಷೆ ನೋಡಿ ಡಾಕ್ಟರೇ ತೀರ್ಮಾನಿಸಬೇಕಾದದ್ದು.

ಇನ್ನು ನಮ್ಮ ಮೇಷ್ಟ್ರ ವಿಷಯ. ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು, ಶುಗರ್ ಬಂದು ಹತ್ತು ವರ್ಷದ ಮೇಲಾಯಿತು. ಪೆನ್ಷನ್ ಫೈಲಿನಷ್ಟೇ ಅಚ್ಚುಕಟ್ಟಾಗಿ ರಿಪೋರ್ಟ್‌ಗಳನ್ನೂ ಇಟ್ಟುಕೊಂಡಿದ್ದಾರೆ. ಎರಡು ವರ್ಷದಿಂದ ಎ1ಸಿ ಏಳರ ಒಳಗೇ. ಒಂದು ದಿನ ಕೇಳಿದೆ.

"ಮೇಷ್ಟ್ರೇ, ಕಣ್ಣು ತೋರಿಸಿದ್ರಾ?"

"ತೋರಿಸ್ದೆ ಕಣಮ್ಮ. ಹೋದ ವರ್ಷ ತಾನೇ ಕನ್ನಡಕ ಬದಲಾಯಿಸಿದ್ದು."

"ಅದಲ್ಲ ಮೇಷ್ಟ್ರೇ, ಡ್ರಾಪ್ಸ್ ಹಾಕಿ ಒಳಗಡೆ ನೋಡ್ತಾರಲ್ಲ, ಅದು."

"ಯಾಕಮ್ಮ? ಪೇಪರ್ ಓದೋಕೆ ಚೆನ್ನಾಗೇ ಕಾಣುತ್ತೆ. ಶುಗರ್ ಬೇರೆ ಕಂಟ್ರೋಲ್‌ನಲ್ಲಿದೆ."

ನೂರರಲ್ಲಿ ತೊಂಬತ್ತು ಜನ ಕೊಡುವ ಉತ್ತರ ಇದೇ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವುದನ್ನೇ ಕಣ್ಣಿನ ಪರೀಕ್ಷೆ ಅಂದುಕೊಂಡಿದ್ದೇವೆ. ಕೊನೆಗೂ ಮೇಷ್ಟ್ರು ಹೋದರು. ಎರಡೂ ಕಣ್ಣಲ್ಲಿ ಕೆಂಪು ಚುಕ್ಕೆಗಳಿದ್ದವು. ಅಕ್ಷರ ಓದಲು ಬೇಕಾದ ನಡುಭಾಗಕ್ಕೆ ಇನ್ನೂ ಏನೂ ಆಗಿಲ್ಲ, ಆರು ತಿಂಗಳಿಗೆ ಮತ್ತೆ ಬನ್ನಿ ಅಂದರಂತೆ. ವಾಪಸ್ ಬಂದವರೇ ಜಗಳಕ್ಕೆ ನಿಂತರು. "ರಿಪೋರ್ಟ್ ಚೆನ್ನಾಗಿತ್ತಲ್ಲಮ್ಮ, ಮತ್ತೆ ಇದು ಹೇಗೆ?"

ಅವರ ಫೈಲಿನ ಹಳೇ ಹಾಳೆಗಳನ್ನು ತಿರುವಿ ತೋರಿಸಿದೆ. ಮೊದಲಿನ ವರ್ಷಗಳಲ್ಲಿ ಒಂಬತ್ತು, ಹತ್ತು. ಡಿಸಿಸಿಟಿಯವರಲ್ಲೂ ಹೀಗೇ ಕಂಡಿತ್ತು. ಆ ಅಧ್ಯಯನ ಮುಗಿದ ಮೇಲೆ ಎರಡೂ ಗುಂಪಿನವರಿಗೆ ಬಿಗಿ ಚಿಕಿತ್ಸೆಯನ್ನೇ ಹೇಳಿಕೊಟ್ಟರು. ಕೆಲವೇ ವರ್ಷಗಳಲ್ಲಿ ಎರಡೂ ಗುಂಪಿನ ಎ1ಸಿ ಹೆಚ್ಚುಕಡಿಮೆ ಒಂದೇ ಆಯಿತು. ಆದರೂ ಹಿಂದೆ ಶುಗರ್ ಜಾಸ್ತಿ ಇದ್ದ ಗುಂಪಿನವರ ಕಣ್ಣು ಮುಂದೆ ಎಷ್ಟೋ ವರ್ಷ ಹೆಚ್ಚು ಹಾಳಾಗುತ್ತಲೇ ಹೋಯಿತು. ಮೂರು ತಿಂಗಳ ಶುಗರ್‌ಗೆ ಮೂರು ತಿಂಗಳು ಮಾತ್ರ ನೆನಪು. ರೆಟಿನಾದ ಲೆಕ್ಕ ಹತ್ತು ವರ್ಷದ್ದು.

ಶುಗರ್ ಬೇಗ ಇಳಿದಾಗಲೂ ಹುಷಾರಾಗಿರಬೇಕು. ಎ1ಸಿ ಹನ್ನೊಂದರಿಂದ ಏಳಕ್ಕೆ ಸರ್ರನೆ ಇಳಿದರೆ ಮನೆಯವರೆಲ್ಲ ಖುಷಿಪಡುತ್ತಾರೆ. ಆದರೆ ಮೊದಲೇ ರೆಟಿನೋಪತಿ ಇದ್ದರೆ, ಹಾಗೆ ವೇಗವಾಗಿ ಇಳಿದ ಮೊದಲ ತಿಂಗಳುಗಳಲ್ಲಿ ಅದು ಸ್ವಲ್ಪ ಕಾಲ ಹೆಚ್ಚಾಗಬಹುದು. ಡಿಸಿಸಿಟಿಯಲ್ಲೇ ಇದು ಕಂಡಿತ್ತು. ಶುಗರ್, ತೂಕ ಇಳಿಸಲು ಕೊಡುವ, ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಮದ್ದಿನ 2016ರ ಅಧ್ಯಯನದಲ್ಲಿ ರೆಟಿನೋಪತಿಯ ತೊಡಕು ಮದ್ದು ತಗೊಂಡವರಲ್ಲಿ ಶೇ. 3, ತಗೊಳ್ಳದವರಲ್ಲಿ ಶೇ. 1.8. ಶುಗರ್ ಬೇಗ ಇಳಿದದ್ದೇ ಮುಖ್ಯ ಕಾರಣ ಅನ್ನುವುದು ಆಮೇಲಿನ ವಿಶ್ಲೇಷಣೆ. ಮದ್ದು ಬೇಡ ಅಂತ ಇದರ ಅರ್ಥವಲ್ಲ. ಶುಗರ್ ಇಳಿಸುವುದರಿಂದ ದೂರಕ್ಕೆ ಲಾಭವೇ. ಆದರೆ ಮದ್ದು ಶುರುವಾಗುವ ಮೊದಲು ಕಣ್ಣು ನೋಡಿಸಿರಬೇಕು. ರಕ್ತದ ರಿಪೋರ್ಟ್ ಅತ್ಯಂತ ಚೆನ್ನಾಗಿ ಕಾಣುವ ಹೊತ್ತಿಗೇ ಕಣ್ಣು ಕೆಡುತ್ತಿರಬಹುದು ಅನ್ನುವುದನ್ನು ಕೌಂಟರ್‌ನಲ್ಲಿ ನಿಂತು ಹೇಳಿದರೆ ಜನ ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಸೂಜಿಯೇ ಬೇಡದ ಒಂದು ಸಂಖ್ಯೆಯೂ ಇದೆ, ಬಿಪಿ. ಯುಕೆಪಿಡಿಎಸ್‌ನಲ್ಲಿ ಬಿಪಿ ಸರಾಸರಿ 154/87 ಇದ್ದ ಗುಂಪಿಗೆ ಹೋಲಿಸಿದರೆ 144/82 ಇದ್ದ ಗುಂಪಿನಲ್ಲಿ ರೆಟಿನೋಪತಿ ಹೆಚ್ಚಾಗುವುದು ಶೇ. 34ರಷ್ಟು ಕಡಿಮೆಯಾಯಿತು. ಪುಕ್ಕಟೆ ನೋಡುವ ಬಿಪಿಗೆ ಯಾವ ಹೆಲ್ತ್ ಪ್ಯಾಕೇಜಿನ ಜಾಹೀರಾತಿನಲ್ಲೂ ದೊಡ್ಡ ಅಕ್ಷರ ಸಿಗುವುದಿಲ್ಲ. ಪ್ಯಾಕೇಜ್ ಮಾರುವ ಅಂಗಡಿಯಲ್ಲೇ ಕೂತು ಹೇಳುತ್ತಿದ್ದೇನೆ, ಎಪ್ಪತ್ತು ಎಂಬತ್ತು ಪರೀಕ್ಷೆಗಳ ಆ ಪಟ್ಟಿಯಲ್ಲಿ ಕಣ್ಣೊಳಗೆ ನೋಡುವುದು ಸಾಮಾನ್ಯವಾಗಿ ಇರುವುದೇ ಇಲ್ಲ.

ಹಾಗಾದರೆ ರಕ್ತದ ಸಂಖ್ಯೆಗಳ ಸರಿಯಾದ ಜಾಗ ಯಾವುದು? ನನಗೆ ಐಸ್‌ಲೆಂಡಿನವರು ಕಂಡುಕೊಂಡ ದಾರಿ ಹಿಡಿಸಿತು. ಅಲ್ಲಿನವರು ಒಂದು ಸೂತ್ರ ಮಾಡಿದ್ದಾರೆ. ಕಾಯಿಲೆ ಯಾವ ಟೈಪು, ಎಷ್ಟು ವರ್ಷವಾಯಿತು, ಎ1ಸಿ ಎಷ್ಟು, ಬಿಪಿ ಎಷ್ಟು, ಕಣ್ಣಲ್ಲಿ ಈಗಾಗಲೇ ಏನಾದರೂ ಇದೆಯೇ ಅಂತ ಹಾಕಿದರೆ ಮುಂದಿನ ಕಣ್ಣಿನ ಪರೀಕ್ಷೆ ಯಾವಾಗ ಅಂತ ಅದು ಹೇಳುತ್ತದೆ. ಕಣ್ಣು ಹೇಗಿದೆ ಅಂತ ರಕ್ತವನ್ನು ಕೇಳುವುದಿಲ್ಲ, ಯಾವಾಗ ನೋಡಬೇಕು ಅಂತ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 2003ರಿಂದ ಸಕ್ಕರೆ ಕಾಯಿಲೆಯವರನ್ನು ಕರೆಕರೆದು ರೆಟಿನಾದ ಫೋಟೋ ತೆಗೆಯುವ ವ್ಯವಸ್ಥೆ ಶುರುವಾಯಿತು. 2009-10ರ ಲೆಕ್ಕ ತೆಗೆದಾಗ, ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಅಲ್ಲಿ ಡಯಾಬಿಟಿಸ್ ಮೊದಲ ಕಾರಣವಾಗಿ ಉಳಿದಿರಲಿಲ್ಲ. ಐವತ್ತು ವರ್ಷಗಳಲ್ಲಿ ಹಾಗಾಗಿದ್ದು ಅದೇ ಮೊದಲು.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಕೊಟ್ಟ ಲೆಕ್ಕದಂತೆ ಹತ್ತು ಕೋಟಿಗೂ ಹೆಚ್ಚು ಜನರಿಗೆ ಶುಗರ್ ಇದೆ. ದೇಶದ ಹಲವು ರಾಜ್ಯಗಳಲ್ಲಿ ನಡೆದ ಸ್ಮಾರ್ಟ್ ಇಂಡಿಯಾ ಅಧ್ಯಯನದಲ್ಲಿ, 40 ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಶೇ. 12.5 ಜನಕ್ಕೆ ರೆಟಿನೋಪತಿ, ಶೇ. 4ರಷ್ಟು ಜನಕ್ಕೆ ದೃಷ್ಟಿಗೇ ಕುತ್ತು ತರುವ ಹಂತ. ಅಷ್ಟು ಜನರನ್ನು ನೋಡಲು ಬೇಕಾದಷ್ಟು ರೆಟಿನಾ ಡಾಕ್ಟರ್‌ಗಳು ತಾಲ್ಲೂಕುಗಳಲ್ಲಿ ಎಲ್ಲಿದ್ದಾರೆ? ಈ ಕಾರಣಕ್ಕೇ ಬೆಂಗಳೂರಿನ ಫೋರಸ್, ರೆಮಿಡಿಯೋ ಥರದ ಕಂಪನಿಗಳು ಮಾಡಿದ ಚಿಕ್ಕ ಕ್ಯಾಮೆರಾಗಳ ಬಗ್ಗೆ ನನಗೆ ಆಸೆ. ರೆಮಿಡಿಯೋದ್ದಂತೂ ಸ್ಮಾರ್ಟ್‌ಫೋನ್ ಜೋಡಿಸಿದ ಕ್ಯಾಮೆರಾ. ಡಾಕ್ಟರ್ ಎಲ್ಲಿದ್ದರೂ ಫೋಟೋ ಹೋಗುತ್ತದೆ. ಕೆಲವು ಕಡೆ ಕಂಪ್ಯೂಟರೇ ಮೊದಲು ಸೋಸಿ ಕೊಡುತ್ತದೆ. 2018ರಲ್ಲಿ ಗೂಗಲ್‌ನವರು ರೆಟಿನಾದ ಫೋಟೋ ನೋಡಿಯೇ ವಯಸ್ಸು, ಬಿಪಿ ಅಂದಾಜು ಮಾಡುವ ಹಾಗೆ ಕಂಪ್ಯೂಟರಿಗೆ ಕಲಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಫೋಟೋದಿಂದ ರಕ್ತಹೀನತೆ ಪತ್ತೆ ಮಾಡುವ ಪ್ರಯತ್ನವೂ ಆಯಿತು. ನಾವು ರಕ್ತ ನೋಡಿ ಕಣ್ಣು ಊಹಿಸಲು ಒದ್ದಾಡುತ್ತಿದ್ದರೆ ಅವರು ಕಣ್ಣು ನೋಡಿ ರಕ್ತ ಊಹಿಸುತ್ತಿದ್ದಾರೆ. ನನ್ನ ಕೆಲಸಕ್ಕೆ ಯಾವಾಗ ಸಂಚಕಾರವೋ!

ಅಲ್ಲಿಯವರೆಗೆ ಹಳೇ ಪದ್ಧತಿಯೇ. ಟೈಪ್ 2 ಅಂತ ಗೊತ್ತಾದ ಕೂಡಲೇ ಒಂದು ಸಲ ರೆಟಿನಾ ನೋಡಿಸಿ, ಆಮೇಲೆ ವರ್ಷಕ್ಕೊಮ್ಮೆ ಅಥವಾ ಡಾಕ್ಟರ್ ಹೇಳಿದ ಹಾಗೆ. ಮೊದಲೇ ಶುಗರ್ ಇದ್ದು ಬಸುರಿಯಾದವರು ಮೊದಲ ತಿಂಗಳುಗಳಲ್ಲೇ ನೋಡಿಸಬೇಕು. ಹೋಗುವಾಗ ಇತ್ತೀಚಿನ ಒಂದು ಹಾಳೆ ಸಾಲದು, ಹಳೇ ಎ1ಸಿ ರಿಪೋರ್ಟ್‌ಗಳನ್ನೂ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಲಿಪಿಡ್ (ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್) ಹಾಳೆಗಳನ್ನೂ ತಗೊಂಡು ಹೋಗಿ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಬೈಕ್ ಓಡಿಸುವ ಹಾಗಿಲ್ಲ, ಜೊತೆಗೊಬ್ಬರು ಇರಲಿ. ಮತ್ತೆ ನಮ್ಮ ಲ್ಯಾಬ್‌ಗೆ ಬಂದು ಬಂದು ಅಭ್ಯಾಸವಾದವರು ಕೇಳುವ ಪ್ರಶ್ನೆಗೆ ಉತ್ತರ: ತಿಂಡಿ ತಿಂದುಕೊಂಡೇ ಹೋಗಿ, ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ.